ಬಿಲ್ಲೆಯಕ್ಕನ ದಪ್ಪ ಬಿಲ್ಲೆ

ಇಡೀ ಲೋಕ ಕೂಡಲೇ ಗಮನಿಸಬೇಕಾದ ಗಂಭೀರ ವಿಷಯವೊಂದಿದೆ: ಚರ್ಚಿನಲ್ಲಿ ಪರಮಪ್ರಸಾದವಾಗಿ ಕೊಡುವ ತೆಳು ರೊಟ್ಟಿಯ ಬಿಲ್ಲೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಭಕ್ತರು ಅದನ್ನು ನಾಲಿಗೆಯಿಂದ ಗುಟ್ಟಾಗಿ ಬಿಡಿಸಿಕೊಂಡು, ಏನೂ ಆಗದವರಂತೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ. ಬಾಯಿಬಿಟ್ಟು ದೂರಿದವರು ಒಬ್ಬರೇ. ಆ ಬಿಲ್ಲೆಗಳನ್ನು ಬೇಯಿಸುವವರೂ ಅವರೇ, ಎಲ್ಲರ ಬಿಲ್ಲೆಯಕ್ಕ.

ನಸುಕಿನಲ್ಲಿ ಚರ್ಚಿನ ಹಿಂದಿನ ಕೋಣೆಗೆ ಹೋದರೆ ಬಿಲ್ಲೆಯಕ್ಕ ತಲೆ ಎತ್ತುವುದಿಲ್ಲ. ಕಿವಿಯ ಮೇಲೆ ಸದ್ದು ತಡೆಯುವ ಹೆಡ್‌ಫೋನ್. ನೀರಲ್ಲಿ ಕಲಸಿದ ಗೋಧಿ ಹಿಟ್ಟನ್ನು ಕಾದ ಕಬ್ಬಿಣದ ಎರಡು ಹಲಗೆಗಳ ನಡುವೆ ಸುರಿದು ಒತ್ತುತ್ತಾರೆ. ಉಸ್ಸೆಂದು ಹಬೆ ಏಳುತ್ತದೆ. ಕಾಗದದಂಥ ಹಾಳೆಗಳನ್ನು ಒದ್ದೆ ಬಟ್ಟೆಯಡಿ ಮೆತ್ತಗಾಗಿಸಿ, ದುಂಡಗೆ ಕತ್ತರಿಸುತ್ತಾರೆ. ವಾರಕ್ಕೆ ಸಾವಿರದ ಮೇಲೆ. ಅಂಚು ಮುಕ್ಕಾದ ಒಂದೂ ಡಬ್ಬಿ ಸೇರುವುದಿಲ್ಲ.

“ನನಗೆ ಆಟಿಸಂ ಇದೆ. ಕಾಯಿಲೆ ಅಲ್ಲ. ಮುಟ್ಟಿದ್ದು, ಕೇಳಿದ್ದು ಎಲ್ಲಾ ಜಾಸ್ತಿ ತಾಗುತ್ತೆ, ಅಷ್ಟೆ,” ಎನ್ನುತ್ತಾರೆ.

ಹತ್ತನೇ ವಯಸ್ಸಿನಲ್ಲಿ, ಮೊದಲ ಪರಮಪ್ರಸಾದದ ದಿನ, ಅಂಟಿದ್ದನ್ನು ಎಲ್ಲರೆದುರು ಬೆರಳು ಹಾಕಿ ಕಿತ್ತು ತೆಗೆದಿದ್ದರು. ಜನ ಹೌಹಾರಿದರು. ಬುದ್ಧಿ ಬಂದ ಮೇಲೆ ಕರೆತನ್ನಿ ಎಂದರು ಆಗಿನ ಫಾದರ್. ಬುದ್ಧಿ ಆಗಲೇ ಇತ್ತು. ಅಂಟುವುದೂ ಹಾಗೇ ಉಳಿಯಿತು. ಅಂದಿನಿಂದ ಪ್ರತಿ ಭಾನುವಾರ ಎಲ್ಲರೂ ಸಾಲುಗಟ್ಟಿ ಮುಂದೆ ಹೋದರೆ, ಬಿಲ್ಲೆಯಕ್ಕ ಮಾತ್ರ ಬೆಂಚಿನಲ್ಲೇ.

“ಯೇಸುಸ್ವಾಮಿ ಮೇಲೆ ಸಿಟ್ಟಿಲ್ಲ. ಅಂಟೋದ್ರ ಮೇಲೆ ಸಿಟ್ಟು. ನನಗೂ ಬೇಕಲ್ಲ ಪ್ರಸಾದ.”

ಈಚೆಗೆ ಬಂದ ಹೊಸ ಫಾದರ್ ಕೇಳಿದರು: “ಏನಮ್ಮಾ, ನಿನ್ನ ಕೈರುಚಿ ಮೇಲೆ ನಿನಗೇ ನಂಬಿಕೆ ಇಲ್ವಾ?”

“ಮೆತ್ತಗಾಗಿದ್ದು ಅಂಟುತ್ತೆ. ದಪ್ಪಗೆ ಬೇಯ್ಸಿ ಗರಿಗರಿಯಾಗಿ ಬಿಟ್ರೆ ಅಂಟಲ್ಲ.”

“ಮತ್ತೆ ಹಾಗೇ ಮಾಡ್ಕೋ!”

“ದುಂಡಗೆ ಬರಲ್ಲ. ಕೈಯಲ್ಲಿ ಮುರೀಬೇಕು. ಸೊಟ್ಟ ಆಗುತ್ತೆ.”

“ಹಿಟ್ಟು, ನೀರು ಬಿಟ್ರೆ ಬೇರೇನೂ ಹಾಕಲ್ವಲ್ಲ? ಸೊಟ್ಟಗಿದ್ರೆ ದೇವರೇನು ವಾಪಸ್ ಕಳಿಸ್ತಾನಾ?”

ದೇವರು ಕಳಿಸುವುದಿಲ್ಲ, ಸರಿ, ಬಿಲ್ಲೆಯಕ್ಕ ಕಳಿಸುತ್ತಾರಲ್ಲ! ಪ್ರತಿ ಶನಿವಾರ ದಪ್ಪ ಬಿಲ್ಲೆ ಮುರಿಯುತ್ತಾರೆ, ಸೊಟ್ಟ ಅಂಚು ನೋಡುತ್ತಾರೆ, ಪಕ್ಕಕ್ಕೆ ಸರಿಸುತ್ತಾರೆ. “ಮೂಗಿಗಿಂತ ಮೂಗುತಿ ಭಾರ ಮಾಡ್ಕೋತಾಳೆ,” ಎಂದು ಒಂದು ಶನಿವಾರ ಗೊಣಗಿದ ತಾಯಿ, ಮರುಗಳಿಗೆ ಕತ್ತು ಚಾಚಿ ನೋಡುತ್ತಾರೆ: ಮಗಳು ಸೊಟ್ಟ ತುಂಡೊಂದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.

ಭಾನುವಾರ. ಸಾಲಿನ ಕೊನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಬಿಲ್ಲೆಯಕ್ಕ ಅಂಗೈ ಚಾಚುತ್ತಾರೆ. ಫಾದರ್ ಕೈ ತಾಗದಂತೆ ಸೊಟ್ಟ ಬಿಲ್ಲೆ ಇಡುತ್ತಾರೆ. “ಆಮೆನ್.” ಮೌನದಲ್ಲಿ ಕರುಂ ಎಂಬ ಸದ್ದು ಹಿಂದಿನ ಬೆಂಚಿನವರೆಗೂ ಕೇಳುತ್ತದೆ.

“ಅಷ್ಟು ಜೋರಾಗಿ ಅಗೀಬೇಕಿತ್ತೇನೇ?” ಎಂದು ಹೊರಗೆ ತಾಯಿ ಕಣ್ಣೊರೆಸಿಕೊಂಡು ಗದರುತ್ತಾರೆ.

“ಸದ್ದು ಚೆನ್ನಾಗಿತ್ತಮ್ಮಾ.”

ಮುಂದಿನ ಸಾಲಿನ ಇಬ್ಬರು ಹಿರಿಯರು ಬಂದು, ತಮಗೂ ಅಂಥದ್ದೇ ಸಿಗಬಹುದೇ ಎಂದು ಮೆಲ್ಲಗೆ ವಿಚಾರಿಸುತ್ತಾರೆ.

ಬಿಲ್ಲೆ ಅಂಟಲಿಲ್ಲ.