ಇದ್ದಿನಾಕನ ಐ3, ಐ5

ತೀರಿಕೊಳ್ಳುವ ಹಿಂದಿನ ದಿನವೂ ಇದ್ದಿನಬ್ಬ, ಊರವರ ಬಾಯಲ್ಲಿ ಇದ್ದಿನಾಕ, ಕಡಬದ ತನ್ನ ಹಳೇ ಲ್ಯಾಪ್‌ಟಾಪ್ ಮಾರುವ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಸಿನೆಮಾ ಓಡಿಸಿ, ಅವುಗಳ ತಳಕ್ಕೆ ಅಂಗೈ ಕೊಟ್ಟು ಮಕ್ಕಳ ಜ್ವರ ನೋಡುವ ಹಾಗೆ ನೋಡುತ್ತಿದ್ದ. ಒಂದರಲ್ಲಿದ್ದದ್ದು ಎರಡನೇ ಜನರೇಷನ್ನಿನ ಐ5 ಪ್ರೊಸೆಸರ್, ಇನ್ನೊಂದರಲ್ಲಿ ನಾಲ್ಕನೇ ಜನರೇಷನ್ನಿನ ಐ3. “ಐದೇ ದೊಡ್ಡದಲ್ವಾ ಇದ್ದಿನಾಕ?” ಎಂದರು ಕೊಳ್ಳಲು ಬಂದ ಹರಿಣಾಕ್ಷಿ ಟೀಚರ್. “ಐ5 ಸ್ವಲ್ಪ ಜೋರುಂಟು ಟೀಚರೇ, ಆದ್ರೆ ಇಸ್ತ್ರಿಪೆಟ್ಟಿಗೆ ಹಾಗೆ ಬಿಸಿ ಆಗ್ತದೆ. ನಿಮಗೆ ಪ್ರಶ್ನೆಪತ್ರಿಕೆ ಟೈಪ್ ಮಾಡುದಲ್ವಾ? ಈ ಐ3 ಸಾಕು, ತಣ್ಣಗೆ ಕೂತ್ಕೊಳ್ತದೆ.” ಟೀಚರ್ ಒಪ್ಪಿದರೂ ಅವನು ಕೊಡಲಿಲ್ಲ, ಬ್ಯಾಟರಿ ಪೂರ್ತಿ ಇಳಿಯುವವರೆಗೆ ನೋಡಬೇಕು, ನಾಳೆ ಬನ್ನಿ ಎಂದ. ಮನೆಯಲ್ಲೂ ಅದೇ ಬುದ್ಧಿ. ಎರಡು ಬಂಗುಡೆ ಮೀನು ಸಿಕ್ಕಿದರೆ ಎರಡನ್ನೂ ಕೈಯಲ್ಲಿ ತೂಗುತ್ತಿದ್ದ. ಪುತ್ತೂರಿಗೆ ಚಪ್ಪಲಿ ಕೊಳ್ಳಲು ಹೋದವನು ಎಡಗಾಲಿಗೊಂದು ಜಾತಿ, ಬಲಗಾಲಿಗೊಂದು ಜಾತಿ ಹಾಕಿ ಅಂಗಡಿಯೆಲ್ಲ ನಡೆದು ಬರಿಗೈಯಲ್ಲಿ ಬಂದಿದ್ದ. ಹೆಂಡತಿ ಮೈಮೂನ ಶಾಲೆ ಕಂಡದ್ದು ಕಡಿಮೆ. ಅವನ ಅಣ್ಣನ ಹೆಂಡತಿ ಡಿಗ್ರಿ ಓದಿದವಳು. “ಅವರು, ನಾನು, ನಮ್ಮಿಬ್ಬರಲ್ಲಿ ಐ5 ಯಾರು?” ಎಂದು ಮೈಮೂನ ಒಮ್ಮೆ ಕುಟುಕಿದಳು. ಅವನು ನಗಲಿಲ್ಲ. “ಹೋಲಿಸಿ ನೋಡುದು ಮಾರುವ ಸಾಮಾನನ್ನು ಮಾರಾಯ್ತಿ. ನಿನ್ನನ್ನು ಯಾರ ಪಕ್ಕ ಇಟ್ಟು ನೋಡುದು?” ಎಂದ. ಟೀಚರಿಗೆ ಹೇಳಿದ ಆ ನಾಳೆ ಬೆಳಿಗ್ಗೆ ಅವನು ಏಳಲಿಲ್ಲ. ಅಂಗಡಿ ಈಗ ಅವನ ತಮ್ಮನ ಕೈಯಲ್ಲಿದೆ. ಬಸ್ಸು ಎಬ್ಬಿಸುವ ಧೂಳು ಒಳಗಿನ ಲ್ಯಾಪ್‌ಟಾಪುಗಳ ಫ್ಯಾನಿಗೆ ಹೋಗಬಾರದೆಂದು, ಬಾಗಿಲು ತೆರೆಯುವ ಮೊದಲೇ ಮೈಮೂನ ಹೋಗಿ ಅಂಗಡಿ ಮುಂದಿನ ಮಣ್ಣಿಗೆ ನೀರು ಚಿಮುಕಿಸುತ್ತಾಳೆ, ಮಳೆ ಬಿದ್ದ ಬೆಳಿಗ್ಗೆಯೂ.