ಹಚ್ಚದ ಮೇಣದಬತ್ತಿ

ಸೆಗೆಡ್ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಲೇ ಎಟೆಲ್ಕಾಳ ತಲೆ ನರೆತಿತ್ತು. ಅವಳ ಹೊಟ್ಟೆಯುರಿ ಮಾತ್ರ ಪ್ರತಿ ವಸಂತಕ್ಕೂ ಹೊಸದಾಗಿ ಚಿಗುರುತ್ತಿತ್ತು. ಶಾಲೆಯ ಬೀಳ್ಕೊಡುಗೆ ಹಬ್ಬದ ಹಿಂದಿನ ಸಂಜೆ ಕೊನೆಯ ತರಗತಿಯ ಮಕ್ಕಳು ತಮ್ಮ ಮೆಚ್ಚಿನ ಟೀಚರುಗಳ ಕಿಟಕಿಯ ಕೆಳಗೆ ನಿಂತು ಹಾಡುವುದು ರೂಢಿ. ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದರೆ ಹಾಡು ಕೇಳಿಸಿತೆಂದು ಅರ್ಥ. ಕತ್ತಲಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಮಕ್ಕಳು ಹೊರಟುಬಿಡುತ್ತಾರೆ. ಎಟೆಲ್ಕಾಳ ಮನೆಯ ನೇರ ಮೇಲ್ಮಹಡಿಯಲ್ಲಿ ಸಂಗೀತದ ಟೀಚರ್ ವಿಲ್ಮಾ ಇದ್ದಳು. ಪ್ರತಿವರ್ಷ ಹಾಡು ಅವಳಿಗೇ.

ಈ ಸಲವೂ ಎಟೆಲ್ಕಾ, ಅಕಸ್ಮಾತ್ ಯಾರಾದರೂ ಬಂದರೆ ಕೊಡಲೆಂದು, ಚೀಸ್ ಬನ್ನು ಮಾಡಿಟ್ಟಿದ್ದಳು. ಕೆಳಗೆ ಗಿಟಾರಿನ ಸದ್ದಾಯಿತು.

"ಬಂದ್ರು ಮಹಾರಾಣಿಯ ಭಟ್ಟಂಗಿಗಳು! ನಾಕು ರಾಗ ಹೇಳ್ಕೊಟ್ರೆ ತಲೆ ಮೇಲೆ ಹೊತ್ಕೊಂಡು ಕುಣೀತಾರೆ. ಲೆಕ್ಕ ಕಲ್ಸಿ ಪಾಸ್ ಮಾಡ್ಸಿದೋಳು ಯಾರಿಗೂ ಬೇಡ," ಎಂದು ಗೊಣಗುತ್ತ ದೀಪ ಆರಿಸಿ, ದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗಿದಳು. ಮಕ್ಕಳು ತುಂಬ ಹೊತ್ತು ಹಾಡಿದರು. ಆಮೇಲೆ ಬೀದಿ ಸುಮ್ಮನಾಯಿತು.

ಬೆಳಿಗ್ಗೆ ಮೆಟ್ಟಿಲ ಮೇಲೆ ವಿಲ್ಮಾ ಸೂಟ್‌ಕೇಸ್ ಹಿಡಿದು ಎದುರಾದಳು.

"ನಿನ್ನೆ ನಿಮ್ಮ ಭಕ್ತರ ಗಲಾಟೆಗೆ ತಲೆ ಚಿಟ್ಟು ಹಿಡೀತು ಕಣ್ರೀ," ಎಂದು ಎಟೆಲ್ಕಾ ಕುಟುಕಿದಳು.

"ನನ್ನ ಭಕ್ತರಾ? ನಾನು ತಂಗಿ ಮನೆಗೆ ಹೋಗಿದ್ದೆ, ಈಗ ಬರ್ತಿದೀನಿ. ಮಕ್ಕಳಿಗೆ ಗೊತ್ತಿತ್ತಲ್ಲ." ವಿಲ್ಮಾಳ ಮುಖ ಅರಳಿತು. "ಈ ಸಲ ನಿಮಗೇ ಹಾಡ್ಬೇಕು ಅಂತ ಒಂದು ತಿಂಗಳಿಂದ ನನ್ ಹತ್ರ ಕೂತು ಕಲ್ತಿದ್ರು ಕಣ್ರೀ. ಹೇಳಿ, ಹೇಗೆ ಹಾಡಿದ್ರು?"