ಸಂತೆಯಿಂದ ಮರಳುವ ಬಸ್ಸು

ನಾವು ಸಂಘದ ಹೆಂಗಸರು ಕಾಡಿನಿಂದ ಮುತ್ತಲ ಎಲೆ ತಂದು, ಕಡ್ಡಿ ಚುಚ್ಚಿ ದೊನ್ನೆ ಮಾಡಿ, ದಾಂಡೇಲಿ ಸಂತೆಯಲ್ಲಿ ಮಾರುತ್ತೇವೆ. ಆ ದಿನ ದೊನ್ನೆಯೆಲ್ಲ ಮಾರಿಹೋಗಿ, ಬಸ್ಸಿನಲ್ಲಿ ಜೋಯಿಡಾಕ್ಕೆ ಮರಳುತ್ತಿದ್ದೆವು. ಕಿಟಕಿಯಾಚೆ ಬಿದಿರ ಮೆಳೆಗಳು ತೇಲಿಹೋಗುತ್ತಿದ್ದವು. ಪಕ್ಕದಲ್ಲಿ ನನ್ನ ನೆಗೆಣ್ಣಿಗೆ ಗಾಢ ನಿದ್ದೆ. ಅವಳ ಬೆರಳುಗಳು ಮಾತ್ರ ಮಡಿಲಲ್ಲಿ ಇಲ್ಲದ ಎಲೆ ಮಡಚಿ, ಇಲ್ಲದ ಕಡ್ಡಿ ಚುಚ್ಚುತ್ತಿದ್ದವು.

ನನಗೆ ಸಿಟ್ಟೇ ಬಂತು. ‘ನಿದ್ದಿಯೊಳಗರ ಕೈ ಸುಮ್ನ ಇರಲಿ ಬಿಡವಾ’ ಎಂದು ಗದರಿದೆ. ಅವಳು ಏಳಲಿಲ್ಲ. ಬೈಯುತ್ತ ಬೈಯುತ್ತ ನನಗೂ ಜೊಂಪು ಹತ್ತಿತು.

‘ಅಕ್ಕಾರ, ಟಿಕೆಟ್ ತೋರಸ್ರಿ’ ಎಂದು ಚೆಕಿಂಗಿನವನು ಎಬ್ಬಿಸಿದ. ಮುಷ್ಟಿ ಬಿಚ್ಚಿದೆ. ಹೆಂಗಸರಿಗೆ ಪುಕ್ಕಟೆ ಕೊಡುವ ಆ ಟಿಕೆಟ್ಟು ನಾಲ್ಕೂ ಮೂಲೆ ಮಡಚಿಕೊಂಡು, ನನ್ನ ತಲೆಯ ಪಿನ್ನು ಚುಚ್ಚಿಸಿಕೊಂಡು, ಪುಟ್ಟ ದೊನ್ನೆಯಾಗಿ ಕೂತಿತ್ತು.